ನಂದಿ ತೇರಿಗೆ ಹೋಗುವವರು ಗುಡಿಯನ್ನೂ ನೋಡಿ ಬರುವುದು ಹೇಗೆ?

ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿ ಗ್ರಾಮದಲ್ಲಿ ಮಹಾಶಿವರಾತ್ರಿಯ ಮರುದಿನ ಭೋಗನಂದೀಶ್ವರನ ತೇರು ಎಳೆಯುತ್ತಾರೆ. ತೇರಿಗೆಂದು ಹೋದವರಲ್ಲಿ ಬಹಳಷ್ಟು ಮಂದಿ ಗುಡಿಯನ್ನು ಸರಿಯಾಗಿ ನೋಡದೆಯೇ ಮರಳುತ್ತಾರೆ. ಗುಡಿ, ತೇರು, ದನಗಳ ಜಾತ್ರೆ ಎಂಬ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಂಡರೆ ಮೂರನ್ನೂ ಒಂದೇ ದಿನದಲ್ಲಿ ನೋಡಬಹುದು.

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರವಿರುವ ಈ ಊರಿಗೆ ಅಂದು ಕಾರು ತರುವುದು ಜಾಣತನವಲ್ಲ. ಚಿಕ್ಕಬಳ್ಳಾಪುರದಿಂದ ಬಸ್ಸು ಹಿಡಿಯಿರಿ, ಇಲ್ಲವೇ ಸಮಯ ಹೊಂದಿದರೆ ರೈಲಿನಲ್ಲಿ ನಂದಿ ಹಾಲ್ಟ್‌ಗೆ ಬಂದು ಅಲ್ಲಿಂದ ನಡೆದೇ ಹೋಗಿ.

ಬಾಗಿಲು ತೆರೆಯುವ ಹೊತ್ತಿಗೇ ಗುಡಿಯೊಳಗಿರಬೇಕು. ಕ್ರಿ.ಶ. 806ರ ಸುಮಾರಿನ ಶಾಸನಗಳಲ್ಲಿಯೇ ಉಲ್ಲೇಖವಿರುವ ಈ ದೇಗುಲಕ್ಕೆ ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕೈಹಚ್ಚಿದ್ದಾರೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಎಂಬ ಅವಳಿ ಗುಡಿಗಳ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿಯಿದೆ. ಅದರ ಮುಂದಿನ ಕಲ್ಯಾಣ ಮಂಟಪಕ್ಕೆ ಅರ್ಧ ಗಂಟೆಯನ್ನಾದರೂ ಮೀಸಲಿಡಿ. ಕರಿಕಲ್ಲಿನ ನಾಲ್ಕು ಕಂಬಗಳಲ್ಲಿ ಶಿವ-ಪಾರ್ವತಿ, ವಿಷ್ಣು-ಲಕ್ಷ್ಮಿ, ಬ್ರಹ್ಮ-ಸರಸ್ವತಿ, ಅಗ್ನಿ-ಸ್ವಾಹಾ ಜೋಡಿಗಳಿದ್ದು, ಅವುಗಳ ಸುತ್ತ ಹಬ್ಬಿದ ಬಳ್ಳಿಗಳ ನಡುವೆ ಕುಳಿತ ಗಿಳಿಗಳನ್ನು ಮಕ್ಕಳಿಗೆ ಹುಡುಕಲು ಹೇಳಿದರೆ ದೊಡ್ಡವರಿಗಿಂತ ಮೊದಲು ಅವರೇ ಕಂಡುಹಿಡಿಯುತ್ತಾರೆ. ಅಲ್ಲಿಂದ ಶೃಂಗಿ ತೀರ್ಥದ ಕಲ್ಯಾಣಿಗೆ ಬನ್ನಿ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ನಂದಿ ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎಂಬುದು ನಂಬಿಕೆ. ವಿರಾಗಿಗೆ ಉತ್ಸವವೇಕೆ ಎಂದೇ ಸಡಗರವೆಲ್ಲ ಬೆಟ್ಟದ ಬುಡದಲ್ಲಿ.

ಬಿಸಿಲೇರಿದಂತೆ ಹಾಸುಗಲ್ಲು ಕಾದು ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ಚಪ್ಪಲಿಯನ್ನು ಬಾಗಿಲಲ್ಲಿ ಬಿಡದೆ ಚೀಲದಲ್ಲಿಟ್ಟುಕೊಳ್ಳಿ. ಒಮ್ಮೆ ಜೋಡಿ ಕಳೆದುಕೊಂಡು ಡಾಂಬರು ರಸ್ತೆಯಲ್ಲಿ ಕುಣಿಯುತ್ತ ಬಸ್ಸಿನವರೆಗೆ ಹೋದವನ ಮಾತಿದು.

ರಥ ಹೊರಡುವ ಮುಹೂರ್ತವನ್ನು ಆಯಾ ವರ್ಷದ ಆಹ್ವಾನ ಪತ್ರಿಕೆಯಲ್ಲಿ ನೋಡಿಕೊಂಡು, ಒಂದು ಗಂಟೆ ಮುಂಚಿತವಾಗಿ ರಥಬೀದಿಯ ಪಕ್ಕದ ಎತ್ತರದ ಜಾಗದಲ್ಲಿ ನಿಂತುಕೊಳ್ಳಿ. ತೇರು ಎಲ್ಲಿ ಬಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಹಗ್ಗ ಎಳೆಯುವ ನೂರಾರು ಜನರಿಗಿಂತ, ಚಕ್ರದ ಪಕ್ಕದಲ್ಲೇ ಬಗ್ಗಿ ನಡೆಯುತ್ತ ಮರದ ದಿಮ್ಮಿಯನ್ನು ಅಡ್ಡ ಕೊಡುವ ನಾಲ್ಕೈದು ಜನರ ಕೈಯಲ್ಲಿರುತ್ತದೆ. ಅವರ ದಾರಿಗೆ ಯಾರೂ ಅಡ್ಡ ಬರಬಾರದು; ಮಕ್ಕಳನ್ನು ಚಕ್ರದಿಂದ ದೂರವೇ ಇರಿಸಿ. ಹಣ್ಣು-ದವನ ಎಸೆಯುವವರು ಕಳಶದತ್ತ ಗುರಿಯಿಟ್ಟು ಮೇಲಕ್ಕೆ ಎಸೆಯಬೇಕು, ಇಲ್ಲದಿದ್ದರೆ ಬಾಳೆಹಣ್ಣು ಎದುರಿಗೆ ನಿಂತವರ ತಲೆಗೆ ಬೀಳುತ್ತದೆ.

ತೇರು ನಿಂತೊಡನೆ ಬಸ್ಸಿಗೆ ನುಗ್ಗುವ ಅಗತ್ಯವಿಲ್ಲ. ಅರವಟ್ಟಿಗೆಯಲ್ಲಿ ಪಾನಕ, ನೀರುಮಜ್ಜಿಗೆ ಕುಡಿದು, ಕಡಲೆಪುರಿ, ಬೆಂಡು-ಬತ್ತಾಸು ಕಟ್ಟಿಸಿಕೊಂಡು, ದನಗಳು ಕಟ್ಟಿರುವ ಬಯಲಿಗೆ ನಡೆಯಿರಿ. ಹಳ್ಳಿಕಾರ್ ತಳಿಯ ಹೋರಿಗಳ ವಯಸ್ಸು ತಿಳಿಯಲು ಬಾಯಿ ತೆರೆಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ನೋಡುವವರ ಹಿಂದೆ ನಿಂತು ನೋಡಬಹುದು. ಇಬ್ಬರು ಟವಲಿನ ಅಡಿಯಲ್ಲಿ ಕೈ ಹಿಡಿದು, ಮಾತಿಲ್ಲದೆ ಬೆರಳುಗಳಲ್ಲೇ ಬೆಲೆ ಕಟ್ಟುತ್ತಿರುವುದು ಕಂಡರೆ ಮಾತ್ರ ಎಷ್ಟಕ್ಕಾಯಿತು ಎಂದು ಕೇಳಬೇಡಿ. ವ್ಯಾಪಾರ ಕುದುರುವ ಮುನ್ನ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ.