ಸೋರಿಯಾಸಿಸ್‌ಗೆ ಲೈಟ್ ಟ್ರೀಟ್‌ಮೆಂಟ್: ಶುರು ಮಾಡುವ ಮೊದಲು ಇಷ್ಟು ತಿಳ್ಕೊಳ್ಳಿ

ಸೋರಿಯಾಸಿಸ್ ಇದ್ದವರಿಗೆ "ಬಿಸಿಲಿಗೆ ಮೈ ಒಡ್ಡಿ, ವಾಸಿಯಾಗುತ್ತೆ" ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ. ಅದನ್ನು ನಂಬಿ ನಾನೂ ಒಂದು ಮಧ್ಯಾಹ್ನ ತಾರಸಿ ಮೇಲೆ ಒಂದು ಗಂಟೆ ಕೂತೆ. ಸಂಜೆಗೆ ಬೆನ್ನೆಲ್ಲ ಕೆಂಪು, ಉರಿ. ಎರಡು ವಾರದಲ್ಲಿ ಸುಟ್ಟ ಜಾಗದಲ್ಲೇ ಹೊಸ ಮಚ್ಚೆಗಳು ಎದ್ದವು. ಚರ್ಮಕ್ಕೆ ಪೆಟ್ಟಾದ ಕಡೆ ಕಾಯಿಲೆ ಹೀಗೆ ಹೊಸದಾಗಿ ಹುಟ್ಟುವುದಕ್ಕೆ ಡಾಕ್ಟರುಗಳು ಕೋಬ್ನರ್ ಅಂತಾರೆ.

ಹಾಗಾದರೆ ಬೆಳಕು ಮಾಡುವುದೇನು? ಸೋಂಕಿನ ವಿರುದ್ಧ ಹೋರಾಡಬೇಕಾದ ಟಿ ಕೋಶಗಳು ಈ ಕಾಯಿಲೆಯಲ್ಲಿ ಸುಮ್ನೆ ಕೆರಳಿ ಕೂತಿರುತ್ತವೆ. ಅವು ಬಿಡುವ ಐಎಲ್-17ನಂಥ ಸಂಕೇತಗಳಿಂದ ಚರ್ಮದ ಬೆಳವಣಿಗೆಗೆ ವಿಪರೀತ ಅವಸರ ಹತ್ತುತ್ತದೆ. ಸುಮಾರು ಒಂದು ತಿಂಗಳಲ್ಲಿ ಮೇಲೆ ಬರಬೇಕಾದ ಪದರ ನಾಲ್ಕೈದು ದಿನಕ್ಕೇ ಬಂದು, ಬಲಿಯದೆ ಬೆಳ್ಳಗೆ ಹೊಟ್ಟಾಗಿ ಉದುರುತ್ತದೆ. ಬಿಸಿಲಿನಲ್ಲೂ ಇರುವ ಯುವಿಬಿ ಅನ್ನೋ ಅತಿನೇರಳೆ ಕಿರಣ ಬಿದ್ದಾಗ ಆ ಟಿ ಕೋಶಗಳಲ್ಲಿ ಹಲವು ಸಾಯುತ್ತವೆ, ಅವನ್ನು ಕರೆದು ಎಬ್ಬಿಸುವ ಲ್ಯಾಂಗರ್‌ಹಾನ್ಸ್ ಕೋಶಗಳು ಕಡಿಮೆಯಾಗುತ್ತವೆ, ಉರಿಯೂತ ತಣಿಸುವ ಐಎಲ್-10 ಹೆಚ್ಚುತ್ತದೆ. ಅಂದರೆ ಬೆಳಕು ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ಸ್ವಲ್ಪ ಸುಮ್ಮನಾಗಿಸುತ್ತದೆ. ಆದ್ದರಿಂದ ಇದೂ ಔಷಧಿಯೇ, ಇದಕ್ಕೂ ಡೋಸ್ ಇದೆ.

ಎಲ್ಲ ಕಿರಣವೂ ಒಂದೇ ಅಲ್ಲ. ತರಂಗದ ಉದ್ದ 290 ನ್ಯಾನೋಮೀಟರ್ ಮತ್ತು ಅದಕ್ಕಿಂತ ಕಡಿಮೆ ಇರುವವು ಸುಡುತ್ತವೆ, ವಾಸಿ ಮಾಡುವುದಿಲ್ಲ ಅಂತ 1981ರಲ್ಲೇ ಗೊತ್ತಾಗಿತ್ತು. ಅದಕ್ಕೇ ಈಗ ಆಸ್ಪತ್ರೆಗಳಲ್ಲಿ ಬಳಸುವುದು 311ರ ಆಸುಪಾಸಿನ ಕಿರಣಗಳನ್ನಷ್ಟೇ ಬಿಡುವ ನ್ಯಾರೋಬ್ಯಾಂಡ್ ಯುವಿಬಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ.

ಮೊದಲು ಡಾಕ್ಟರ್ ಹತ್ತಿರ ನೀವು ನುಂಗುವ ಪ್ರತಿ ಮಾತ್ರೆಯ ಹೆಸರು ಹೇಳಿ. ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್, ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆಗಳಿಂದ ಚರ್ಮ ಬೇಗ ಸುಡಬಹುದು. ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದ್ದರೆ, ಚರ್ಮದ ಕ್ಯಾನ್ಸರ್ ಬಂದಿದ್ದರೆ ಅದನ್ನಂತೂ ಮುಚ್ಚಿಡಬೇಡಿ.

ಸಾಮಾನ್ಯವಾಗಿ ವಾರಕ್ಕೆ ಎರಡು-ಮೂರು ಸಲ, ಒಟ್ಟು ಇಪ್ಪತ್ತು-ಮೂವತ್ತು ಸಲ ಹೋಗಬೇಕಾಗುತ್ತದೆ. ಮೊದಲ ದಿನ ಬೆಳಕು ಬೀಳುವ ಹೊತ್ತು ತೀರಾ ಕಡಿಮೆ. "ಇಷ್ಟೇನಾ?" ಅನ್ನಿಸುತ್ತೆ, ಜಾಸ್ತಿ ಕೊಡಿ ಅಂತ ಕೇಳಬೇಡಿ. ಯುವಿ ಕಿರಣ ತಡೆಯುವ ಕನ್ನಡಕ ಕಡ್ಡಾಯ, ಗಂಡಸರು ಗುಪ್ತಾಂಗ ಮುಚ್ಚಿಕೊಳ್ಳಲೇಬೇಕು. ಪ್ರತಿ ಸಲವೂ ಒಂದೇ ಥರದ ಬಟ್ಟೆ ಹಾಕಿ. ಇಲ್ಲದಿದ್ದರೆ ಇಷ್ಟು ದಿನ ಮುಚ್ಚಿದ್ದ ಚರ್ಮಕ್ಕೆ ಒಮ್ಮೆಲೇ ದೊಡ್ಡ ಡೋಸ್ ಬಿದ್ದು ಸುಡುತ್ತದೆ. ಸ್ಯಾಲಿಸಿಲಿಕ್ ಆಸಿಡ್ ಇರುವ ಮುಲಾಮು ಹಚ್ಚಿಕೊಂಡು ಹೋಗಬೇಡಿ, ಅದು ಕಿರಣವನ್ನು ತಡೆಯುತ್ತದೆ. ಸೋರಿಯಾಸಿಸ್‌ಗೆ ಕೊಡುವ ಕ್ಯಾಲ್ಸಿಪೋಟ್ರಿಯಾಲ್ ಮುಲಾಮು ಇದ್ದರೆ ಬೆಳಕಾದ ಮೇಲೆ ಹಚ್ಚಿ.

ಮಾರನೇ ದಿನ ತಿಳಿ ಗುಲಾಬಿ ಬಣ್ಣ ಬಂದು ಹೋದರೆ ಭಯಬೇಡ. ಮುಟ್ಟಿದರೆ ನೋವು, ಗುಳ್ಳೆ ಅಂದರೆ ಮುಂದಿನ ಸಲ ಒಳಗೆ ಹೋಗುವ ಮೊದಲೇ ಹೇಳಿ. ಎರಡು ವಾರ ತಪ್ಪಿಸಿ ಹೋದರೂ ಹೇಳಿ, ಡೋಸ್ ಇಳಿಸಬೇಕಾಗುತ್ತದೆ.

ಇನ್ನೊಂದು ಮಾತು ಕೈಮುಗಿದು ಹೇಳ್ತೀನಿ. ಬಾವಂಚಿ ಬೀಜದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರಬೇಡಿ. ಅದರಲ್ಲಿ ಚರ್ಮವನ್ನು ಬೆಳಕಿಗೆ ಬೇಗ ಸುಡುವಂತೆ ಮಾಡುವ ಸೋರಲೆನ್ ಅನ್ನೋ ರಾಸಾಯನಿಕ ಇದೆ. ಆಸ್ಪತ್ರೆಯಲ್ಲಿ ಪುವಾ ಅಂತ ಕೊಡುವ ಇನ್ನೊಂದು ಬೆಳಕಿನ ಚಿಕಿತ್ಸೆಯಲ್ಲೂ ಸೋರಲೆನ್ನೇ ಇರುವುದು, ಆದರೆ ಅಲ್ಲಿ ಅಳತೆ ಇರುತ್ತದೆ. ಮನೆಯಲ್ಲಿ ಅಳತೆ ತಪ್ಪಿದರೆ ಒಂದೆರಡು ದಿನ ಬಿಟ್ಟು ನೀರುಗುಳ್ಳೆ ಏಳುತ್ತವೆ.

ಹಾಸಿಗೆ ಮೇಲೆ ಬೆಳಿಗ್ಗೆ ಕಾಣುವ ಹೊಟ್ಟು ಕಡಿಮೆಯಾಗುವುದೇ ನನಗೆ ಕಂಡ ಮೊದಲ ಗುರುತು. ಮೊಣಕೈ, ಮೊಣಕಾಲು ನಿಧಾನ. ಮಚ್ಚೆ ಇದ್ದ ಕಡೆ ಕಂದು ಕಲೆ ಕೆಲವು ತಿಂಗಳು ಉಳಿಯಬಹುದು. ಅದನ್ನು ನೋಡಿ ಏನೂ ಗುಣವಾಗಿಲ್ಲ ಅಂತ ಬೇಜಾರಾಗಬೇಡಿ. ಕಣ್ಣು ಮುಚ್ಚಿ ಬೆರಳಲ್ಲಿ ಸವರಿ ನೋಡಿ. ಅಂಚು ಸಿಗದೆ ಸುತ್ತಲಿನ ಚರ್ಮದಷ್ಟೇ ನುಣುಪಾಗಿದ್ದರೆ ಅಲ್ಲಿ ಉಳಿದಿರುವುದು ಬರೀ ಬಣ್ಣ.