ಡೈನಮೋ ಸರಿ, ರೆಗ್ಯುಲೇಟರ್ ಸರಿ, ಬ್ಯಾಟರಿ ಮಾತ್ರ ಖಾಲಿ

ಅಡಿಕೆ ತೋಟದ 18 ಎಚ್‌ಪಿ ಮಿನಿ ಟ್ರ್ಯಾಕ್ಟರ್. ನಾಲ್ಕು ದಿನ ನಿಲ್ಲಿಸಿದರೆ ಸೆಲ್ಫ್ ಎತ್ತುತ್ತಿರಲಿಲ್ಲ. ಈಗ ಹದಿಮೂರು-ಹದಿನಾಲ್ಕು ತಿಂಗಳಾಯಿತು, ಮಳೆಗಾಲವೂ ಒಂದು ಕಳೆಯಿತು, ಒಮ್ಮೆಯೂ ತಳ್ಳಿಸಿಲ್ಲ. ಸರಿಮಾಡಿದ್ದಕ್ಕೆ ತಗುಲಿದ್ದು ನಾನೂರು ರೂಪಾಯಿಯ ಒಳಗೆ. ಅದಕ್ಕೆ ಮೊದಲು ದಂಡವಾದದ್ದು ಏಳೆಂಟು ಸಾವಿರ. ದೋಷ ಮುಖ್ಯವಾಗಿ ಅರ್ಥಿನಲ್ಲಿ, ಎಂದರೆ ಗಾಡಿಯ ಮೈಯನ್ನು ಬ್ಯಾಟರಿ ಮೈನಸ್ಸಿಗೆ ಸೇರಿಸುವ ದಾರಿಯಲ್ಲಿ, ಇತ್ತು ಎಂದಾಗ ‘ಅರ್ಥ್ ಬೋಲ್ಟ್ ಉಜ್ಜಿದರೆ ಬ್ಯಾಟರಿ ತುಂಬುತ್ತದಾ’ ಎಂದು ನಕ್ಕವರಿಗಾಗಿಯೇ ಇಷ್ಟು ವಿವರ.

ದಂಡದ ಲೆಕ್ಕ ಮೊದಲು. ಹೊಸ ಬ್ಯಾಟರಿ 4,800ರ ಹತ್ತಿರ. ಬ್ಯಾಟರಿಗೆ ಹೋಗುವ ಚಾರ್ಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ 1,600. ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಡೈನಮೋ ಬಿಚ್ಚಿ ಬೇರಿಂಗ್ ಹಾಕಿ ‘ಕಾಯಿಲ್ ವೀಕ್’ ಎಂದು ಹೇಳಿದ್ದಕ್ಕೆ ಏಳುನೂರೋ ಎಂಟುನೂರೋ. ಬೆಲ್ಟ್ ಬೇರೆ. ಹಳೇ ಬ್ಯಾಟರಿಯನ್ನು ಗುಜರಿಗೆ ಹಾಕಿದ್ದೇ ದೊಡ್ಡ ತಪ್ಪು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟಾಗ ಆರೂ ಸೆಲ್ ಒಂದೇ ಸಮ 1.180 ತೋರಿಸಿತ್ತು. ಸೆಲ್ ಸತ್ತಿದ್ದರೆ ಒಂದು ಮಾತ್ರ ಕೆಳಗೆ ಬಿದ್ದಿರಬೇಕು. ಆರೂ ಒಟ್ಟಿಗೆ ಇಳಿದಿವೆ ಎಂದರೆ ಬ್ಯಾಟರಿ ಹಸಿದಿದೆ, ಸತ್ತಿಲ್ಲ. ಅಂಕಿ ಕಣ್ಣೆದುರೇ ಇತ್ತು, ಓದಲಿಲ್ಲ.

ಎಲ್ಲರನ್ನೂ ದಾರಿ ತಪ್ಪಿಸಿದ್ದು 13.3 ಎಂಬ ಓದು. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.3 ವೋಲ್ಟ್. ‘ಹದಿಮೂರು ದಾಟಿದೆ, ಚಾರ್ಜ್ ಆಗ್ತಿದೆ’ ಎಂದು ಎಲೆಕ್ಟ್ರಿಷಿಯನ್ ಮೀಟರ್ ಮಡಚಿದ. 13.3ರಲ್ಲಿ ಸೀಸದ ಬ್ಯಾಟರಿ ತುಂಬುತ್ತದೆ ನಿಜ, ದಿನಗಟ್ಟಲೆ ಬೇಕು. ತೋಟದ ಗಾಡಿ ದಿನಕ್ಕೆ ಓಡುವುದು ಒಂದೂವರೆ ಗಂಟೆ, ಅದರಲ್ಲೂ ಅರ್ಧ ಐಡಲ್. ಹಾಫ್ ರೇಸಿನಲ್ಲಿ 14ರಿಂದ 14.5 ಬರದಿದ್ದರೆ ಸರಿಯಿಲ್ಲ ಎಂದೇ ಲೆಕ್ಕ.

ನನ್ನದು ಆಲ್ಟರ್ನೇಟರ್ ಅಲ್ಲ, ಒಳಗೆ ಕಾಯಂ ಆಯಸ್ಕಾಂತವಿದ್ದು ಎಸಿ ಹುಟ್ಟಿಸುವ ಮ್ಯಾಗ್ನೆಟ್ ಡೈನಮೋ ಮತ್ತು ಹೊರಗಿನ ರೆಗ್ಯುಲೇಟರ್ ಇರುವ ಮಾದರಿ. ಡೈನಮೋ ಪರೀಕ್ಷೆ ಎರಡು ನಿಮಿಷದ್ದು: ಎರಡು ತಂತಿಯ ಸಾಕೆಟ್ ಬಿಚ್ಚಿ, ಮೀಟರ್ ಎಸಿಗೆ ಹಾಕಿ, ರೇಸ್ ಏರಿಸಬೇಕು. 20 ವೋಲ್ಟಿನ ಮೇಲೆ ಬಂದರೆ ಡೈನಮೋ ಬದುಕಿದೆ. ನನ್ನದು 30ರ ಆಸುಪಾಸು ಬಂತು. ಕಾಯಿಲಿನ ಓಮ್ ನೋಡುವವರು ಮೊದಲು ಮೀಟರಿನ ಎರಡು ಕಡ್ಡಿ ತಾಗಿಸಿ ಬರುವ 0.3-0.4 ಕಳೆಯಿರಿ. ಅದನ್ನು ಕಳೆಯದೆಯೇ ‘ಕಾಯಿಲ್ ವೀಕ್’ ಆಗಿತ್ತು.

ಇನ್ನು ಅಸಲು ಕೆಲಸ. ಹೆಡ್‌ಲೈಟ್, ಹಿಂದಿನ ವರ್ಕ್ ಲೈಟ್ ಎರಡೂ ಉರಿಸಿ, ಎಂಜಿನ್ 2000 ಆರ್‌ಪಿಎಂ ಹತ್ತಿರ ಇಟ್ಟು, ಮೀಟರನ್ನು ಡಿಸಿ 2 ವೋಲ್ಟಿನ ಸ್ಕೇಲಿಗೆ ಹಾಕಿದೆ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಪೋಸ್ಟಿನ ಮೇಲೆ (ಕ್ಲಾಂಪಿನ ಮೇಲಲ್ಲ, ಸೀಸದ ಪೋಸ್ಟಿನ ಮೇಲೆಯೇ), ಇನ್ನೊಂದು ರೆಗ್ಯುಲೇಟರಿನ ಅಲ್ಯೂಮಿನಿಯಂ ಮೈಗೆ. 0.2 ದಾಟಬಾರದು. ಬಂದದ್ದು 1.7. ಲೈಟ್ ಆರಿಸಿ ನೋಡಿದರೆ ಇದು ತೀರಾ ಕಡಿಮೆ ಕಾಣುತ್ತದೆ. ಕರೆಂಟ್ ಹರಿಯದೆ ಡ್ರಾಪ್ (ದಾರಿಯಲ್ಲಿ ಕಳೆದುಹೋಗುವ ವೋಲ್ಟ್) ಕಾಣುವುದಿಲ್ಲ.

ಎಲ್ಲಿ ಎಂದು ಹುಡುಕಲು ಕಡ್ಡಿಯನ್ನು ಹಂತ ಹಂತವಾಗಿ ಸರಿಸಿದೆ. ಪೋಸ್ಟಿನಿಂದ ಕ್ಲಾಂಪಿಗೆ 0.1. ಕೇಬಲ್ ದಾಟಿ ಗೇರ್‌ಬಾಕ್ಸಿಗೆ ಇನ್ನೊಂದು 0.1. ಗೇರ್‌ಬಾಕ್ಸಿನಿಂದ ರೆಗ್ಯುಲೇಟರ್ ಕೂತ ತಗಡಿನ ಬ್ರಾಕೆಟ್ಟಿಗೆ 1.1! ಬ್ರಾಕೆಟ್ಟಿನಿಂದ ರೆಗ್ಯುಲೇಟರ್ ಮೈಗೆ 0.4. ಆ ಬ್ರಾಕೆಟ್ ರಬ್ಬರ್ ಬುಷ್ ಮೇಲೆ ಕೂತಿದೆ, ಅರ್ಥ್ ಸಿಗುವುದು ಒಂದೇ ಒಂದು ಬೋಲ್ಟಿನಿಂದ, ಅದರ ಕೆಳಗೂ ಪೇಂಟ್. ಅದರ ಮೇಲೆ ನಮ್ಮ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ). ಟ್ರ್ಯಾಕ್ಟರಿಗೇ ಸ್ಪ್ರೇಯರ್ ಜೋಡಿಸಿ ಕೊಳೆರೋಗಕ್ಕೆ ಹೊಡೆಯುವಾಗ ಮಂಜಿನಂತೆ ಗಾಡಿಯ ಮೇಲೆಲ್ಲ ಕೂರುತ್ತದೆ. ಸುಣ್ಣ ಸರಿಯಾಗಿ ಸೇರದಿದ್ದರೆ ಮೈಲುತುತ್ತ ಕಬ್ಬಿಣವನ್ನು ತಿಂದು ತಾಮ್ರದ ಪುಡಿ ಬಿಡುತ್ತದೆ. ಬೋಲ್ಟ್ ಬಿಚ್ಚಿದಾಗ ಕೆಂಪು ಹುಡಿ ಉದುರಿತು.

ಅರ್ಥ್ ಕೆಟ್ಟರೆ ಚಾರ್ಜ್ ಯಾಕೆ ಕಡಿಮೆ? ರೆಗ್ಯುಲೇಟರ್ ಅಳೆಯುವುದು ತನ್ನ ಮೈಯಿಂದ ಮೇಲಕ್ಕೆ. ಅದರ ಮೈ 1.7 ಕೆಳಗಿದ್ದರೆ ಬ್ಯಾಟರಿ ವೋಲ್ಟೇಜ್ ಅಷ್ಟು ಹೆಚ್ಚಾಗಿ ಕಾಣುತ್ತದೆ, ‘ತುಂಬಿತು’ ಎಂದು ಕೈ ಬಿಡುತ್ತದೆ. ಹೊಸ ರೆಗ್ಯುಲೇಟರ್ ತಂದು ಅದೇ ಬ್ರಾಕೆಟ್ಟಿಗೆ ಕೂರಿಸಿದರೆ ಅದೂ ಹಾಗೇ ಮಾಡುತ್ತದೆ, ಮಾಡಿತು.

6 ಚದರ ಮಿಮೀ ತಾಮ್ರದ ತಂತಿ ಒಂದೂವರೆ ಮೀಟರ್, ಎರಡು ತುದಿಗೂ 8 ಮಿಮೀ ರಿಂಗ್ ಲಗ್ ಒತ್ತಿ, ರೆಗ್ಯುಲೇಟರ್ ಬೋಲ್ಟಿನಿಂದ ನೇರ ಬ್ಯಾಟರಿ ಮೈನಸ್ಸಿಗೆ. ಸ್ಟಾರ್ ವಾಷರ್ ಕಡ್ಡಾಯ. ಬಿಗಿದ ಮೇಲೆ ಗ್ರೀಸ್, ಮೊದಲೇ ಅಲ್ಲ.

ಗೆದ್ದೆ ಎಂದು ಮೀಟರ್ ಇಟ್ಟರೆ 15.0! ಬ್ಯಾಟರಿ ನೀರು ಕುದಿಯುವ ಲೆಕ್ಕ. ‘ಹೇಳಿದೆವಲ್ಲ, ರೆಗ್ಯುಲೇಟರೇ ಹೋಗಿರೋದು’ ಎಂಬ ಮಾತು ಮತ್ತೆ ಶುರು. ಇಲ್ಲೇ ಹೆಚ್ಚಿನವರು ಕೈಬಿಡುವುದು. ನನ್ನ ಗಾಡಿಯಲ್ಲಿ ಕೀ ಸ್ವಿಚ್ಚಿನಿಂದ ರೆಗ್ಯುಲೇಟರಿಗೆ ಒಂದು ತೆಳು ತಂತಿ ಹೋಗುತ್ತದೆ, ಅದರ ಮೂಲಕವೇ ಅದು ಬ್ಯಾಟರಿ ನೋಡುವುದು. ಹೆಡ್‌ಲೈಟಿನ ಕರೆಂಟೂ ಅದೇ ಕೀ ಕಾಂಟ್ಯಾಕ್ಟಿನಲ್ಲಿ. ಲೈಟ್ ಹಾಕಿ ಬ್ಯಾಟರಿ ಪ್ಲಸ್ಸಿನಿಂದ ಆ ತಂತಿಗೆ ಅಳೆದರೆ 0.7 ಡ್ರಾಪ್, ಲೈಟ್ ಆರಿಸಿದರೆ 0.2. ರೆಗ್ಯುಲೇಟರಿಗೆ ಬ್ಯಾಟರಿ 0.7 ಕಡಿಮೆ ಕಂಡಿತು, ಅಷ್ಟನ್ನು ಮೇಲೆ ಕೊಟ್ಟಿತು. ಅದರ ಸೆಟ್ಟಿಂಗ್ 14.3. ಒಂದು ದೋಷ 1.7 ಎಳೆದು, ಇನ್ನೊಂದು 0.7 ತಳ್ಳಿ, ಎರಡೂ ಸೇರಿ ಆ 13.3 ಬರುತ್ತಿತ್ತು. ಕೂಡಿ ಕಳೆದು ನೋಡಿ, ಸರಿಹೋಗುತ್ತದೆ.

ಪರಿಹಾರ: ಹೆಡ್‌ಲೈಟಿನ ಭಾರವನ್ನು 12 ವೋಲ್ಟಿನ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚಿಗೆ) ಹಾಕಿದೆ. ರಿಲೇಗೆ ಬ್ಯಾಟರಿಯಿಂದ ನೇರ ತಂತಿ, ನಡುವೆ 15 ಆಂಪಿಯರ್ ಫ್ಯೂಸ್, ಬ್ಯಾಟರಿಗೆ ಆದಷ್ಟು ಹತ್ತಿರ. ಕೀ ಸ್ವಿಚ್ಚಿಗೆ ಈಗ ರಿಲೇ ಎಳೆಯುವಷ್ಟೇ ಕೆಲಸ. ಓದು 14.3ಕ್ಕೆ ಬಂದು ನಿಂತಿತು. ಲೈಟ್ ಹಾಕಲಿ, ಬಿಡಲಿ, 0.1 ಆಚೀಚೆ. ತೆಗೆದಿಟ್ಟಿದ್ದ ಹಳೇ ರೆಗ್ಯುಲೇಟರ್ ಹಾಕಿಯೂ ನೋಡಿದೆ: 14.3ರ ಹತ್ತಿರವೇ. 1,600 ಸುಮ್ಮನೆ ಹೋದದ್ದು.

ಮೀಟರನ್ನೇ ನಂಬಿ ಕೆಡುವ ಇನ್ನೊಂದು ಜಾಗ ಇಲಿ ಕಡಿದ ತಂತಿ. ಒಂದು ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ. 21 ವ್ಯಾಟ್ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಕಟ್ಟಿ ಅಲ್ಲೇ ಉರಿಸಿ. ಮಂಕಾದರೆ ತಂತಿ ಹೋಗಿದೆ. ಸುತ್ತಿದ ಟೇಪ್ ಬಿಚ್ಚದೆ ಕಡಿದ ಜಾಗವನ್ನೇ ಹಿಡಿಯುವ ಒಂದು ಉಪಾಯವೂ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಮಾಡಿದ ಪ್ರಯೋಗಗಳು. ಹಿಂದಿನ 55 ವ್ಯಾಟ್ ಹ್ಯಾಲೊಜನ್ ತೆಗೆದು 27 ವ್ಯಾಟ್ ಎಲ್‌ಇಡಿ ಹಾಕಿದೆ. ಸುಮಾರು 14 ಆಂಪಿಯರ್ ಡೈನಮೋಗೆ ಎರಡು ಆಂಪಿಯರ್ ಉಳಿಯುವುದು ಸಣ್ಣದಲ್ಲ. ಇದೇ ಉತ್ಸಾಹದಲ್ಲಿ ಪಕ್ಕದ ತೋಟದ ಆಲ್ಟರ್ನೇಟರ್ ಗಾಡಿಯ ಡ್ಯಾಶಿನ ಚಾರ್ಜ್ ಬಲ್ಬಿಗೂ ಎಲ್‌ಇಡಿ ಹಾಕಿದೆವು, ಚಾರ್ಜೇ ನಿಂತಿತು. ಆ ಮಾದರಿಗೆ ಚಾರ್ಜ್ ಶುರುಮಾಡಿಸುವ ಮೊದಲ ಎಕ್ಸೈಟ್ ಕರೆಂಟ್ ಸಿಗುವುದೇ ಆ ಬಲ್ಬಿನ ಮೂಲಕ. ಎಲ್‌ಇಡಿ ಅಷ್ಟು ಬಿಡುವುದಿಲ್ಲ. ಹಳೇ ಬಲ್ಬ್ ಹಾಕಿದ ಕೂಡಲೇ ಸರಿ. ಬಲ್ಬ್ ಸುಟ್ಟರೂ ಇದೇ ಕಥೆ, ಆಲ್ಟರ್ನೇಟರ್ ಬಿಚ್ಚುವ ಮೊದಲು ಕೀ ಆನ್ ಮಾಡಿ ಬಲ್ಬ್ ಉರಿಯುತ್ತದಾ ನೋಡಿ.

20 ವ್ಯಾಟ್ ಸೋಲಾರ್ ಪ್ಯಾನೆಲ್ಲನ್ನು ಬಾನೆಟ್ ಮೇಲೆ ಕಟ್ಟಿದ್ದು ದಂಡ, ಅಡಿಕೆ ಮರದ ನೆರಳಲ್ಲಿ ಮೀಟರ್ ಕದಲಲಿಲ್ಲ. ಶೆಡ್ಡಿನ ಮಾಡಿಗೆ ಹಾಕಿ ಸಣ್ಣ ಕಂಟ್ರೋಲರ್ ಮೂಲಕ ತಂದ ಮೇಲೆ ಮಳೆಗಾಲದ ಆಟಿ ತಿಂಗಳಲ್ಲೂ ಬ್ಯಾಟರಿ 12.6ರ ಕೆಳಗೆ ಇಳಿದಿಲ್ಲ.

ನಿಲ್ಲಿಸಿದ ಗಾಡಿಯ ಸೋರಿಕೆ ನೋಡಲು ಮೈನಸ್ ಬಿಚ್ಚಿ ನಡುವೆ ಮೀಟರ್ ಹಾಕಿದೆ, 10 ಆಂಪಿಯರ್ ತೂತಿನಲ್ಲಿ. ಮೊದಲು 180 ಮಿಲಿ ಆಂಪಿಯರ್ ಇತ್ತು: ಕೀಗೆ ಸಿಗದಂತೆ ಕಟ್ಟಿದ್ದ ಮೊಬೈಲ್ ಚಾರ್ಜರ್ ಮತ್ತು ರೇಡಿಯೋ. ತೆಗೆದ ಮೇಲೆ ನಾಲ್ಕೈದು ಮಿಲಿ. ಮೀಟರ್ ಆ ಜಾಗದಲ್ಲಿರುವಾಗ ಮರೆತು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಒಂದಲ್ಲ, ಎರಡು ಸಲ ಹೋಯಿತು. ಚಾರ್ಜ್ ನೋಡಲು ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿ ವೈರ್ ಕಳಚುವ ಹಳೇ ಚಾಳಿ ಮಾತ್ರ ಬೇಡ, ವೋಲ್ಟೇಜ್ ಜಿಗಿದು ಸರಿಯಿದ್ದ ರೆಗ್ಯುಲೇಟರೂ ಸುಡುತ್ತದೆ.

ಈಗ ವರ್ಷಕ್ಕೆ ಎರಡು ಸಲ, ಔಷಧಿ ಹೊಡೆಯುವ ಮೊದಲು ಮತ್ತು ಕೊನೆಯ ಸುತ್ತು ಮುಗಿದ ಮೇಲೆ, ಆ ಎರಡು ಅಳತೆ. ಹೋದ ಸಲ ಮೈನಸ್ ಕಡೆ 0.08, ಕೀ ಕಡೆ 0.1.