ಎಚ್ ಕೀ ಒತ್ತಿದರೆ ಏನೂ ಸಿಗಲಿಲ್ಲ

ಸುಮಾರು ಹತ್ತು ವರ್ಷದಿಂದ ಸಣ್ಣಪುಟ್ಟ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ. ಶಾಲೆ, ಟ್ರಸ್ಟ್, ಸಹಕಾರ ಸಂಘ, ಇಂಥವು. ಜಾಸ್ತಿ ಎಲ್ಲ ಕನ್ನಡದ ಸೈಟುಗಳೇ. ಅದರಲ್ಲಿ ಒಂದು ಪತ್ತಿನ ಸಹಕಾರ ಸಂಘದ ಸೈಟನ್ನು ಎರಡು ಸಲ ಕಟ್ಟಿದೆ. ಎರಡನೇ ಸಲ ಕಟ್ಟುವಾಗ ದುಡ್ಡು ಕೇಳಲಿಲ್ಲ, ಯಾಕಂದರೆ ತಪ್ಪು ನನ್ನದೇ ಆಗಿತ್ತು.

ಮೊದಲು ಮಾಡಿದ್ದು ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಮೊಬೈಲಿನಲ್ಲೂ ಸರಿಯಾಗಿ ಕೂರುತ್ತಿತ್ತು. ಕೋಡ್ ನಿಯಮದ ಪ್ರಕಾರ ಇದೆಯಾ ಅಂತ ನೋಡುವ ಡಬ್ಲ್ಯೂ3ಸಿ ವ್ಯಾಲಿಡೇಟರ್‌ಗೆ ಕೊಟ್ಟರೆ ಒಂದೂ ತಪ್ಪು ತೋರಿಸಲಿಲ್ಲ. ಅಷ್ಟಾದ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಸಂಘದ ಸದಸ್ಯರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಅವರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ, ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದ ಉಚಿತ ತಂತ್ರಾಂಶ ಅದು. ಅದರ ಜೊತೆಗೇ ಬರುವ, ಬರಹವನ್ನು ದನಿ ಮಾಡುವ ಇ-ಸ್ಪೀಕ್‌ನಲ್ಲಿ ಕನ್ನಡದ ದನಿಯೂ ಇದೆ. ‘ಠೇವಣಿ ಬಡ್ಡಿ ನೋಡಬೇಕಿತ್ತು ಕಣಪ್ಪಾ, ಸಿಗ್ತಾನೇ ಇಲ್ಲ’ ಅಂತ ಫೋನ್ ಮಾಡಿದರು. ಅವತ್ತು ಸಂಜೆಯೇ ಅವರ ಮನೆಗೆ ಹೋಗಿ ಪಕ್ಕದಲ್ಲಿ ಕೂತೆ.

ಅವರು ಮೊದಲು ಒತ್ತಿದ್ದು ಎಚ್ ಕೀ. ಎನ್‌ವಿಡಿಎಯಲ್ಲಿ ಎಚ್ ಅಂದರೆ ಮುಂದಿನ ತಲೆಬರಹಕ್ಕೆ ಹೋಗು ಅಂತ. ನಾವು ಕಣ್ಣಾಡಿಸಿ ಪುಟದಲ್ಲಿ ಏನೇನಿದೆ ಅಂತ ನೋಡುತ್ತೇವಲ್ಲ, ಅವರು ಆ ಕೆಲಸವನ್ನು ಎಚ್ ಒತ್ತುತ್ತಾ ಮಾಡುತ್ತಾರೆ. ‘ನೋ ನೆಕ್ಸ್ಟ್ ಹೆಡಿಂಗ್’ ಅಂದಿತು ಯಂತ್ರ. ನನ್ನ ಕಣ್ಣೆದುರಿಗೆ ಏಳು ತಲೆಬರಹ ದಪ್ಪಗೆ ಕಾಣುತ್ತಿದ್ದವು. ಆದರೆ ಅವೆಲ್ಲ ಬರೀ ಡಿವ್, ಅಂದರೆ ಒಳಗೆ ಏನಿದೆ ಅಂತ ಹೇಳದ, ಡಬ್ಬಿಯಂಥ ಟ್ಯಾಗ್. ಅಕ್ಷರ ದೊಡ್ಡದು ಮಾಡಿ, ಬಣ್ಣ ಕೊಟ್ಟು, ತಲೆಬರಹದ ಹಾಗೆ ಕಾಣಿಸಿದ್ದೆ ಅಷ್ಟೇ. ‘ಇದು ತಲೆಬರಹ’ ಅಂತ ಎಲ್ಲೂ ಹೇಳಿರಲಿಲ್ಲ. ವ್ಯಾಲಿಡೇಟರ್‌ಗೆ ಇದು ಗೊತ್ತಾಗುವುದಿಲ್ಲ. ಬರೆದದ್ದು ನಿಯಮಕ್ಕೆ ಸರಿಯಾಗಿದೆಯಾ ಅಂತ ನೋಡುತ್ತದೆಯೇ ಹೊರತು, ಬರೆದದ್ದಕ್ಕೆ ಅರ್ಥ ಇದೆಯಾ ಅಂತಲ್ಲ.

ಆಮೇಲೆ ಬಾಣದ ಕೀ ಒತ್ತಿ ಸಾಲುಸಾಲಾಗಿ ಓದಿಸಲು ಹೋದರು. ದನಿ ಥಟ್ಟನೆ ಬದಲಾಯಿತು. ಕನ್ನಡ ಅಕ್ಷರಗಳ ಹತ್ತಿರ ತೊದಲಿತು. ಅಂಕಿಗಳನ್ನು ಯಾವುದೋ ಕೇಳರಿಯದ ಭಾಷೆಯಲ್ಲಿ ಓದಿತು. ಲ್ಯಾಪ್‌ಟಾಪ್ ತೆಗೆದು ಕೋಡ್ ನೋಡಿದೆ. ಪುಟದ ಭಾಷೆ ಹೇಳುವ ಲ್ಯಾಂಗ್ ಆಟ್ರಿಬ್ಯೂಟ್‌ನಲ್ಲಿ ‘ಕೆಎ’ ಅಂತ ಹಾಕಿದ್ದೆ. ನಮ್ಮ ಗಾಡಿಗಳ ನಂಬರ್ ಪ್ಲೇಟಿನಲ್ಲಿ ದಿನಾ ನೋಡುವ ಕೆಎ ಕೈಗೆ ತಾನೇ ಬಂದಿತ್ತು. ಆದರೆ ಭಾಷೆಗಳ ಸಂಕೇತದಲ್ಲಿ ಕೆಎ ಅಂದರೆ ಜಾರ್ಜಿಯನ್. ಕನ್ನಡಕ್ಕೆ ಇರುವುದು ಕೆಎನ್. ಒಂದು ಅಕ್ಷರ ಬದಲಿಸಿ ಸೈಟಿಗೆ ಏರಿಸಿದೆ. ಮೇಷ್ಟ್ರು ಪುಟವನ್ನು ಮತ್ತೆ ತೆರೆದರು. ಸಂಘದ ಹೆಸರು ಕನ್ನಡದಲ್ಲಿ ಕೇಳಿಸಿತು. ‘ಹಾಂ, ಈಗ ಸರಿ’ ಅಂದರು. ನೀವೂ ಕನ್ನಡದ ಸೈಟ್ ಮಾಡಿದ್ದರೆ ಈ ಒಂದು ಸಾಲನ್ನು ಈಗಲೇ ಹುಡುಕಿ ನೋಡಿ. ಎಷ್ಟೋ ಟೆಂಪ್ಲೇಟ್‌ಗಳಲ್ಲಿ ಅದು ಇಂಗ್ಲಿಷಿನ ‘ಇಎನ್’ ಆಗಿಯೇ ಉಳಿದಿರುತ್ತದೆ.

ಬಡ್ಡಿಯ ಕೋಷ್ಟಕಕ್ಕೆ ಟಿ ಒತ್ತಿ ಬಂದರು. ಕಂಟ್ರೋಲ್, ಆಲ್ಟ್ ಹಿಡಿದು ಬಾಣದ ಕೀ ಒತ್ತಿದರೆ ಒಂದೊಂದೇ ಮನೆ ದಾಟಬಹುದು. 7.5 ಅಂದಿತು. ಪಕ್ಕದ್ದು 8 ಅಂದಿತು. ಯಾವ ಅವಧಿಗೆ 8? ಹಿರಿಯ ನಾಗರಿಕರಿಗಾ, ಎಲ್ಲರಿಗಾ? ಮೇಲಿನ ಸಾಲನ್ನು ನಾನು ದಪ್ಪಕ್ಷರದ ಟಿಡಿ, ಅಂದರೆ ಮಾಮೂಲಿ ಮನೆ, ಮಾಡಿದ್ದೆ. ಅದನ್ನು ತಲೆಬರಹದ ಮನೆ ಅನ್ನುವ ಟಿಎಚ್ ಮಾಡಿ, ಇದು ಕಂಬಸಾಲಿನ ತಲೆ, ಇದು ಅಡ್ಡಸಾಲಿನ ತಲೆ ಅಂತ ಸ್ಕೋಪ್ ಕೊಟ್ಟೆ. ಈಗ ಮನೆಯಿಂದ ಮನೆಗೆ ಹೋದಾಗ ‘ಹಿರಿಯ ನಾಗರಿಕರು, 8’ ಅಂತ ಕೇಳಿಸುತ್ತದೆ. ಪರದೆಯ ಮೇಲೆ ಒಂದು ಚುಕ್ಕೆಯೂ ಬದಲಾಗಿಲ್ಲ.

ಮಾರನೇ ದಿನ ಬಣ್ಣ, ಅಳತೆ ಹೇಳುವ ಸಿಎಸ್‌ಎಸ್ ಫೈಲನ್ನು ಪೂರ್ತಿ ತೆಗೆದು ಪಕ್ಕಕ್ಕಿಟ್ಟೆ. ಬಿಳಿ ಪುಟದ ಮೇಲೆ ಬರೀ ಎಚ್‌ಟಿಎಮ್‌ಎಲ್, ಅಂದರೆ ವಿಷಯ ಮತ್ತು ಅದರ ಟ್ಯಾಗ್‌ಗಳು. ಒಂದೊಂದು ತುಂಡಿನ ಮುಂದೆಯೂ ‘ಇದು ಏನು?’ ಅಂತ ಕೇಳಿಕೊಂಡೆ. ಮೆನು ಆದರೆ ನ್ಯಾವ್ ಅನ್ನುವ ಟ್ಯಾಗ್. ಮುಖ್ಯ ವಿಷಯ ಆದರೆ ಮೇನ್. ಸೂಚನೆಗಳ ಸಾಲು ಆದರೆ ಪಟ್ಟಿ. ತಲೆಬರಹಕ್ಕೆ ಎಚ್1, ಅದರ ಕೆಳಗಿನವಕ್ಕೆ ಎಚ್2, ಮಧ್ಯೆ ಮೆಟ್ಟಿಲು ಹಾರಿಸುವ ಹಾಗಿಲ್ಲ. ಸೆಕ್ಷನ್ ಒಳಗೆ ಎಲ್ಲದಕ್ಕೂ ಎಚ್1 ಹಾಕಿದರೂ ನಡೆಯುತ್ತೆ, ಮಟ್ಟವನ್ನು ಬ್ರೌಸರ್ ತಾನೇ ಲೆಕ್ಕ ಹಾಕುತ್ತೆ ಅಂತ ಎಚ್‌ಟಿಎಮ್‌ಎಲ್5 ಬಂದ ಹೊಸತರಲ್ಲಿ ಓದಿದ್ದೆ. ಯಾವ ಬ್ರೌಸರೂ ಅದನ್ನು ಸ್ಕ್ರೀನ್ ರೀಡರ್‌ಗೆ ಸರಿಯಾಗಿ ತಲುಪಿಸಲೇ ಇಲ್ಲ. 2022ರಲ್ಲಿ ಆ ಭಾಗವನ್ನೇ ಸ್ಟ್ಯಾಂಡರ್ಡ್‌ನಿಂದ ತೆಗೆದರು.

ಜಾಸ್ತಿ ಸಮಯ ಹಿಡಿದದ್ದು ‘ಅರ್ಜಿ ಕಳುಹಿಸಿ’ ಅನ್ನುವ ಒಂದು ಗುಂಡಿ. ಅದೂ ಡಿವ್ ಆಗಿತ್ತು. ಟ್ಯಾಬ್ ಒತ್ತಿದರೆ ಅದರ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಅದನ್ನೇ ರಿಪೇರಿ ಮಾಡೋಣ ಅಂತ ಮೊದಲು ‘ಇದು ಗುಂಡಿ’ ಅಂತ ಹೇಳುವ ರೋಲ್ ಹಾಕಿದೆ. ಆಮೇಲೆ ಟ್ಯಾಬ್ ಒತ್ತಿದಾಗ ನಿಲ್ಲುವ ಹಾಗೆ ಟ್ಯಾಬ್‌ಇಂಡೆಕ್ಸ್. ಆಮೇಲೆ ಎಂಟರ್ ಕೀಗೆ ಒಂದು ಕೋಡ್, ಸ್ಪೇಸ್ ಕೀಗೆ ಇನ್ನೊಂದು. ಅಷ್ಟೂ ಬರೆದ ಮೇಲೆ ಎಲ್ಲ ಅಳಿಸಿ ಬಟನ್ ಅಂತ ಬರೆದೆ. ಈ ನಾಲ್ಕೂ ಕೆಲಸವನ್ನು ಅದೇ ಮಾಡಿಕೊಂಡಿತು. ಫಾರ್ಮಿನ ಪ್ರತಿ ಖಾನೆಗೂ ಲೇಬಲ್ ಜೋಡಿಸಿದೆ. ಬೆರಳಿನಿಂದ ಲೇಬಲ್ ಮುಟ್ಟಿದರೂ ಖಾನೆ ತೆರೆದುಕೊಳ್ಳುವುದರಿಂದ ಸಣ್ಣ ಫೋನಿನವರಿಗೂ ಅನುಕೂಲ ಆಯಿತು.

ಇವೆಲ್ಲ ಹೊಸ ನಿಯಮಗಳೂ ಅಲ್ಲ. ಪುಟದ ಭಾಷೆ ಹೇಳಬೇಕು, ತಲೆಬರಹ ಮತ್ತು ಕೋಷ್ಟಕದ ಸಂಬಂಧ ಕೋಡ್‌ನಲ್ಲೇ ಇರಬೇಕು, ಕೀಬೋರ್ಡಿನಿಂದ ಎಲ್ಲ ಕೆಲಸ ಆಗಬೇಕು. ಈ ಮೂರೂ, ವೆಬ್ ಎಲ್ಲರಿಗೂ ಎಟುಕಲಿ ಅಂತ ಮಾಡಿದ ಮಾರ್ಗಸೂಚಿಯಾದ 2008ರ ಡಬ್ಲ್ಯೂಸಿಎಜಿ 2.0ರ ಮೊದಲ ಹಂತದಲ್ಲೇ ಇದ್ದವು. ಎಲ್ಲಕ್ಕಿಂತ ಕಡಿಮೆ ಅಂದರೆ ಇಷ್ಟಾದರೂ ಮಾಡಿ ಅನ್ನುವ ಹಂತ ಅದು. ನಾನು ಅದನ್ನೂ ಮಾಡಿರಲಿಲ್ಲ ಅನ್ನೋದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಸಿಎಸ್‌ಎಸ್ ವಾಪಸ್ ತಂದಾಗ ಲ್ಯಾಂಗ್ ಇನ್ನೊಂದು ಕೆಲಸಕ್ಕೂ ಬಂತು. ಕನ್ನಡ ಇರುವ ಕಡೆ ಮಾತ್ರ ಸಾಲಿನ ಎತ್ತರ 1.8 ಅಂತ ಹೇಳಬಹುದು. ಇಂಗ್ಲಿಷಿಗೆ ಸಾಕಾಗುವ 1.2 ನಮಗೆ ಸಾಲದು. ‘ರಾಷ್ಟ್ರೀಯ’ದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವೆ ಜಾಗ ಬಿಡುವ ಲೆಟರ್‌ಸ್ಪೇಸಿಂಗನ್ನೂ ಕನ್ನಡಕ್ಕೆ ಸೊನ್ನೆ ಮಾಡಿದೆ.

ಇನ್ನೂ ಉಳಿದಿರುವುದು ಸಂಘದ ಹಳೆಯ ಸುತ್ತೋಲೆಗಳು. ಅವು ಹಳೆಯ ನುಡಿ ಫಾಂಟಿನಲ್ಲಿವೆ; ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಇಲ್ಲ. ಅದರಲ್ಲಿ ‘ಕನ್ನಡ’ ಅಂತ ಕಾಣುವುದು ಕಂಪ್ಯೂಟರಿಗೆ ಪಿ, ತಲೆ ಮೇಲೆ ಓರೆಗೆರೆ ಇರುವ ಎ, ಪೌಂಡಿನ ಗುರುತು, ಹೀಗೆ. ಇದಕ್ಕೆ ಎಷ್ಟು ಒಳ್ಳೆಯ ಟ್ಯಾಗ್ ಹಾಕಿದರೂ ಮೇಷ್ಟ್ರಿಗೆ ಕೇಳಿಸುವುದಿಲ್ಲ. ಒಂದೊಂದನ್ನೇ ಯೂನಿಕೋಡ್‌ಗೆ ಪರಿವರ್ತಿಸಿ ಕೂತು ಓದುತ್ತಿದ್ದೇನೆ. ಅರ್ಕಾವತ್ತು ಇರುವ ಪದಗಳನ್ನು ಬೆರಳಿಟ್ಟು ನೋಡಬೇಕು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಕಾರ್ಯದರ್ಶಿ, ವರ್ಷ, ಅರ್ಜಿ. ಸುತ್ತೋಲೆಯ ತುಂಬ ಇವೇ ಪದಗಳು. ಒಂಬತ್ತು ಮುಗಿದಿವೆ. ಇನ್ನು ಹದಿನಾಲ್ಕು ಇವೆ.